ಕಲೆ ಊರನ್ನು ಕಟ್ಟಬಲ್ಲದೇ?



ಇಂದು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವ ವಿಷಯ ಕಲೆ ಮತ್ತು ಊರಿನ ಬದುಕು. ವಿಷಯದ ಹೆಸರು ಕೇಳಿದೊಡನೆ ನಿಮ್ಮಲ್ಲಿ ಕೆಲವರಿಗೆ ಪರೀಕ್ಷೆಯ ಪ್ರಬಂಧ ನೆನಪಾಗಬಹುದು. ಹೆದರಬೇಡಿ. ಕಲೆಯ ಮಹತ್ವವನ್ನು ಕುರಿತು ಉಪದೇಶ ಮಾಡಲು ನಾನು ಬಂದಿಲ್ಲ. ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಟ್ಟು, ಅದಕ್ಕೆ ನನಗೆ ದೊರೆತ ಉತ್ತರವನ್ನು ಹೇಳುತ್ತೇನೆ. ಒಪ್ಪುವುದು, ಬಿಡುವುದು ನಿಮ್ಮದು.

ಪ್ರಶ್ನೆ ಇದು: ಕುಡಿಯುವ ನೀರಿಗೆ ಪರದಾಡುವ, ಓದಿದ ಹುಡುಗರೆಲ್ಲ ಪಟ್ಟಣ ಸೇರಿರುವ, ಜನ ಎರಡು ಪಕ್ಷವಾಗಿ ಒಡೆದು ಹೋಗಿರುವ ಒಂದು ಊರಿಗೆ ನಾಟಕದಿಂದ, ಹಾಡಿನಿಂದ, ಚಿತ್ರದಿಂದ ಆಗುವುದಾದರೂ ಏನು? ಮೊದಲು ಹೊಟ್ಟೆ, ಆಮೇಲೆ ಕಲೆ ಎಂಬುದಲ್ಲವೇ ಲೋಕದ ನಿಯಮ?

ನಾನು ಓದಿದ್ದು ವಿಜ್ಞಾನ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ನನ್ನ ಅಚ್ಚುಮೆಚ್ಚಿನ ವಿಷಯ. ಆ ದಿನಗಳಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿದ್ದರೆ, ಕಲೆಯಿಂದ ಏನೂ ಆಗುವುದಿಲ್ಲ ಎಂದು ಕಣ್ಣು ಮುಚ್ಚಿ ಹೇಳಿಬಿಡುತ್ತಿದ್ದೆ. ಆಮೇಲೆ ದೂರದರ್ಶನದ ಕೆಲಸಕ್ಕೆ ಸೇರಿ, ಕ್ಯಾಮೆರಾ ಜೊತೆಗೆ ಊರೂರು ಅಲೆದ ಮೇಲೆ ಆ ಉತ್ತರವನ್ನು ತಿದ್ದಿಕೊಳ್ಳಬೇಕಾಯಿತು. ಹೇಗೆ ತಿದ್ದಿಕೊಂಡೆ ಎಂಬುದೇ ಈ ಮಾತುಕತೆಯ ಸಾರ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹೆಗ್ಗೋಡು ಎಂಬ ಹಳ್ಳಿಯಿದೆ. ಮಲೆನಾಡಿನ ಉಳಿದ ಹಳ್ಳಿಗಳಂತೆಯೇ ಅದೂ ಒಂದು. ಅಡಿಕೆ ತೋಟಗಳು, ಗದ್ದೆ, ಗುಡ್ಡ, ಒಂದಕ್ಕೊಂದು ದೂರವಿರುವ ಮನೆಗಳು, ಮಳೆಗಾಲ ಹಿಡಿದರೆ ಬಿಡದೆ ಸುರಿಯುವ ಮಳೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಎರಡು ವರ್ಷಕ್ಕೆ, 1949ರಲ್ಲಿ, ಅಲ್ಲಿನ ಕೆಲವರು ಸೇರಿ ಊರ ದೇವರ ಹೆಸರಿನಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಎಂಬ ಹವ್ಯಾಸಿ ತಂಡವೊಂದನ್ನು ಕಟ್ಟಿಕೊಂಡರು. ಅದರ ಚುಟುಕು ಹೆಸರೇ ಇಂದು ನಾಡಿಗೆಲ್ಲ ಗೊತ್ತಿರುವ ನೀನಾಸಮ್. ಹಗಲು ತೋಟದ ಕೆಲಸ, ರಾತ್ರಿ ನಾಟಕದ ತಾಲೀಮು. ಇಂಥ ತಂಡಗಳು ಆಗ ಕರ್ನಾಟಕದ ಎಷ್ಟೋ ಊರುಗಳಲ್ಲಿ ಹುಟ್ಟಿದ್ದವು, ಹುಟ್ಟಿದಷ್ಟೇ ಬೇಗ ಕಣ್ಮರೆಯೂ ಆದವು. ಹೆಗ್ಗೋಡಿನದು ಮಾತ್ರ ಉಳಿಯಿತು, ಬೆಳೆಯಿತು. ಏಕೆ?

ಇದಕ್ಕೆ ಒಂದು ಕಾರಣ ಕೆ.ವಿ. ಸುಬ್ಬಣ್ಣನವರು. 1932ರಲ್ಲಿ ಹುಟ್ಟಿದ ಸುಬ್ಬಣ್ಣ ಮೈಸೂರಿನಲ್ಲಿ ಓದಿದರು. ಪದವಿ ಪಡೆದವರು ಪಟ್ಟಣದಲ್ಲಿ ನೌಕರಿ ಹಿಡಿಯುತ್ತಿದ್ದ ಕಾಲದಲ್ಲಿ ಅವರು ಊರಿಗೆ ಮರಳಿ ಅಡಿಕೆ ತೋಟ ನೋಡಿಕೊಂಡರು, ಅಕ್ಷರ ಪ್ರಕಾಶನ ಎಂಬ ಪುಸ್ತಕ ಸಂಸ್ಥೆ ಕಟ್ಟಿದರು, ಸಂಘದ ನಾಟಕಗಳನ್ನು ಮುಂದುವರಿಸಿದರು. ಅವರು ಕೇಳಿಕೊಂಡ ಪ್ರಶ್ನೆ ಸರಳವಾಗಿತ್ತು. ಲೋಕದ ಒಳ್ಳೆಯ ನಾಟಕ, ಒಳ್ಳೆಯ ಸಿನಿಮಾ, ಒಳ್ಳೆಯ ಚರ್ಚೆ ಇವೆಲ್ಲ ಪಟ್ಟಣದವರ ಸೊತ್ತೇ ಏಕಾಗಿರಬೇಕು? ಹಳ್ಳಿಯವನಿಗೆ ಅದು ಅರ್ಥವಾಗುವುದಿಲ್ಲ ಎಂದು ತೀರ್ಮಾನಿಸಿದವರು ಯಾರು?

ಈ ಪ್ರಶ್ನೆಯನ್ನು ಅವರು ಭಾಷಣ ಮಾಡಿ ಮುಗಿಸಲಿಲ್ಲ, ಪ್ರಯೋಗ ಮಾಡಿ ನೋಡಿದರು. ವಿಜ್ಞಾನದ ವಿದ್ಯಾರ್ಥಿಯಾದ ನನಗೆ ಇಷ್ಟವಾದದ್ದು ಇದು. 1973ರಲ್ಲಿ ಹೆಗ್ಗೋಡಿನಲ್ಲಿ ನೀನಾಸಮ್ ಚಿತ್ರಸಮಾಜ ಆರಂಭವಾಯಿತು. 16 ಮಿಲಿಮೀಟರ್ ಪ್ರೊಜೆಕ್ಟರಿನಲ್ಲಿ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ', ಇಟಲಿಯ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' ಮುಂತಾದ ಚಿತ್ರಗಳನ್ನು ಹಳ್ಳಿಯ ಜನರಿಗೆ ತೋರಿಸಿದರು. ಚಿತ್ರದ ಭಾಷೆ ಬಂಗಾಳಿಯೋ ಇಟಾಲಿಯನ್ನೋ ಆಗಿದ್ದರೂ ಕನ್ನಡದಲ್ಲಿ ವಿವರಣೆ ಇರುತ್ತಿತ್ತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದ ಸತೀಶ್ ಬಹದ್ದೂರ್ ಅವರಂಥ ವಿದ್ವಾಂಸರು ಹೆಗ್ಗೋಡಿಗೆ ಬಂದು ಚಿತ್ರ ನೋಡುವುದು ಹೇಗೆಂಬ ಶಿಬಿರ ನಡೆಸಿದರು.

'ಬೈಸಿಕಲ್ ಥೀವ್ಸ್' 1948ರ ಚಿತ್ರ. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ರೋಮ್ ನಗರದಲ್ಲಿ ಕೆಲಸವಿಲ್ಲದ ಒಬ್ಬನಿಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ. ಅದಕ್ಕೆ ಸೈಕಲ್ ಬೇಕೇ ಬೇಕು. ಅದೇ ಸೈಕಲ್ ಕಳುವಾಗುತ್ತದೆ. ಅಪ್ಪ ಮಗ ಇಬ್ಬರೂ ಊರೆಲ್ಲ ಹುಡುಕುತ್ತಾರೆ. ಇಷ್ಟೇ ಕಥೆ. ಸೈಕಲ್ ಕಳೆದುಕೊಂಡರೆ ಬಡವನಿಗೆ ಏನಾಗುತ್ತದೆ ಎಂದು ತಿಳಿಯಲು ರೋಮ್ ನಗರ ನೋಡಿರಬೇಕೇ? ತನ್ನ ಕಷ್ಟ ತನಗೊಬ್ಬನಿಗೇ ಬಂದದ್ದಲ್ಲ, ಸಮುದ್ರದಾಚೆಯ ಇನ್ನೊಬ್ಬನಿಗೂ ಇದೆ ಎಂದು ಕಾಣುವುದೇ ಒಂದು ಬಗೆಯ ಧೈರ್ಯ. ಭರವಸೆಯ ಮೊದಲ ಮೆಟ್ಟಿಲು ಅದು.

ಮುಂದೆ 1980ರಲ್ಲಿ ಹೆಗ್ಗೋಡಿನಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು. ನಾಡಿನ ಬೇರೆ ಬೇರೆ ಜಿಲ್ಲೆಗಳಿಂದ ಯುವಕ ಯುವತಿಯರು ಬಂದು, ಒಂದೇ ಕಡೆ ಉಂಡು, ಮಲಗಿ, ಅಭಿನಯ, ಬೆಳಕು, ವೇಷಭೂಷಣ, ರಂಗಸಜ್ಜಿಕೆ ಎಲ್ಲವನ್ನೂ ಕೈಯಾರೆ ಕಲಿತರು. ನೀವು ಬೆಳ್ಳಿತೆರೆಯಲ್ಲಿ ಮೆಚ್ಚಿರುವ ಅಚ್ಯುತ್ ಕುಮಾರ್ ಇಲ್ಲಿ ಕಲಿತವರು. ಸತೀಶ್ ಅವರಂತೂ ಕಲಿತ ಶಾಲೆಯ ಹೆಸರನ್ನೇ ತಮ್ಮ ಹೆಸರಿನ ಜೊತೆಗೆ ಸೇರಿಸಿಕೊಂಡು ಸತೀಶ್ ನೀನಾಸಂ ಎಂದೇ ಪ್ರಸಿದ್ಧರಾದರು. ಆದರೆ ಸಿನಿಮಾ ಸೇರಿದವರಿಗಿಂತ ಹೆಚ್ಚು ಮುಖ್ಯರಾದವರು, ಕಲಿತು ತಮ್ಮ ತಮ್ಮ ಊರಿಗೆ ಮರಳಿ ಅಲ್ಲಿ ತಂಡ ಕಟ್ಟಿದವರು, ಶಾಲೆಯ ಮಕ್ಕಳಿಗೆ ನಾಟಕ ಆಡಿಸಿದವರು. ಅವರ ಹೆಸರು ಪೋಸ್ಟರಿನಲ್ಲಿ ಬರುವುದಿಲ್ಲ.

1985ರಲ್ಲಿ 'ತಿರುಗಾಟ' ಹೊರಟಿತು. ಈ ಹೆಸರು ಯಕ್ಷಗಾನ ಮೇಳಗಳಿಂದ ಬಂದದ್ದು. ಮಳೆ ನಿಂತ ಮೇಲೆ ಮೇಳ ಊರೂರು ಸುತ್ತುವುದಕ್ಕೆ ತಿರುಗಾಟವೆನ್ನುತ್ತಾರೆ. ಅದೇ ರೀತಿ ನೀನಾಸಮ್ ಕಲಾವಿದರೂ ರಂಗಪರಿಕರಗಳೊಡನೆ ಕರ್ನಾಟಕದ ಊರುಗಳನ್ನು ಸುತ್ತಿದರು. ಸಂಸ್ಕೃತ ನಾಟಕ, ಶೇಕ್ಸ್‌ಪಿಯರ್, ಬ್ರೆಕ್ಟ್, ನಮ್ಮ ಕನ್ನಡದ ನಾಟಕಕಾರರು ಎಲ್ಲರೂ ಕಾಲೇಜಿನ ಸಭಾಂಗಣಗಳನ್ನು, ತಾಲ್ಲೂಕು ಕೇಂದ್ರಗಳ ಬಯಲು ರಂಗಗಳನ್ನು ಮುಟ್ಟಿದರು. ಪ್ರತಿ ಊರಿನಲ್ಲೂ ಟಿಕೆಟ್ ಮಾರಲು, ಊಟ ವಸತಿ ನೋಡಿಕೊಳ್ಳಲು ಸ್ಥಳೀಯರ ಒಂದು ಗುಂಪು ಬೇಕಲ್ಲವೇ? ಹೀಗೆ ನಾಟಕ ಬಂದು ಹೋದ ಮೇಲೂ ಊರಲ್ಲಿ ಒಂದು ಗುಂಪು ಉಳಿಯುತ್ತಿತ್ತು. ಇದು ಗಮನಿಸಬೇಕಾದ ಸಂಗತಿ.

ಈ ಕೆಲಸಕ್ಕಾಗಿ ಸುಬ್ಬಣ್ಣನವರಿಗೆ 1991ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಅವರು 2005ರಲ್ಲಿ ತೀರಿಕೊಂಡರು. ಅವರ ನಂತರವೂ ಶಿಕ್ಷಣ ಕೇಂದ್ರ, ತಿರುಗಾಟ, ಅಕ್ಟೋಬರ್ ತಿಂಗಳಿನ ಸಂಸ್ಕೃತಿ ಶಿಬಿರ ಮುಂದುವರಿದವು. ಕಟ್ಟಿದವರು ಹೋದ ಮೇಲೂ ನಿಲ್ಲುವುದು ಯಾವುದೇ ಕೆಲಸಕ್ಕೆ ನಿಜವಾದ ಪರೀಕ್ಷೆ.

ಇಲ್ಲಿ ಒಂದು ಕ್ಷಣ ನಿಮ್ಮನ್ನು ಪ್ರಯೋಗಶಾಲೆಗೆ ಕರೆದುಕೊಂಡು ಹೋಗುತ್ತೇನೆ. ಸೋಡಿಯಂ ಥಯೋಸಲ್ಫೇಟ್ ಎಂಬ ಲವಣವಿದೆ. ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ಇದನ್ನು ಹೈಪೊ ಎನ್ನುತ್ತಿದ್ದರು. ಅದರ ಹರಳುಗಳನ್ನು ಪ್ರನಾಳದಲ್ಲಿ ಹಾಕಿ ಬಿಸಿ ಮಾಡಿದರೆ ಕರಗಿ ದ್ರವವಾಗುತ್ತದೆ. ಅಲುಗಾಡಿಸದೆ ತಣ್ಣಗಾಗಲು ಬಿಟ್ಟರೆ, ಗಟ್ಟಿಯಾಗಬೇಕಾದರೂ ಆಗುವುದಿಲ್ಲ, ದ್ರವವಾಗಿಯೇ ನಿಂತಿರುತ್ತದೆ. ಈಗ ಅದಕ್ಕೆ ಒಂದೇ ಒಂದು ಹರಳನ್ನು ಹಾಕಿ. ಆ ಹರಳಿನ ಸುತ್ತ ಹೊಸ ಹರಳುಗಳು ಬೆಳೆಯುತ್ತ ನೋಡನೋಡುತ್ತಿದ್ದಂತೆ ಇಡೀ ಪ್ರನಾಳ ಗಟ್ಟಿಯಾಗುತ್ತದೆ. ಮುಟ್ಟಿದರೆ ಕೈಗೆ ಬೆಚ್ಚಗೆ ಹತ್ತುತ್ತದೆ. ಆ ಶಾಖ ಹರಳು ತಂದದ್ದಲ್ಲ, ದ್ರವದೊಳಗೇ ಇದ್ದದ್ದು.

ಕಲೆ ಊರಿನಲ್ಲಿ ಮಾಡುವ ಕೆಲಸವೂ ಹೀಗೆಯೇ ಎಂದು ನನಗನ್ನಿಸುತ್ತದೆ. ಕಲಾವಿದ ಹೊರಗಿನಿಂದ ಭರವಸೆಯನ್ನು ಮೂಟೆ ಕಟ್ಟಿ ತರುವುದಿಲ್ಲ. ಊರಿನ ಜನರೊಳಗೇ ಇರುವ ಶಾಖವನ್ನು ಹೊರಕ್ಕೆ ತರುತ್ತಾನೆ. ಆದರೆ ಒಂದು ಮಾತು ಮರೆಯಬಾರದು. ಬರೀ ನೀರಿಗೆ ಹರಳು ಹಾಕಿದರೆ ಅದು ಕರಗಿ ಹೋಗುತ್ತದೆ, ಅಷ್ಟೇ. ಊರಿನವರಲ್ಲಿ ಒಂದಿಷ್ಟು ಆಸೆ, ಒಂದಿಷ್ಟು ಅತೃಪ್ತಿ ಇಲ್ಲದೆ ಹೋದರೆ ಎಂಥ ಕಲಾವಿದ ಬಂದರೂ ಪ್ರಯೋಜನವಿಲ್ಲ.

ಇದಕ್ಕೆ ಇನ್ನೊಂದು ನಿದರ್ಶನ ಕೊಡುತ್ತೇನೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಭಾಗದ ಕಾಡಂಚಿನಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಅವರ ಪೂರ್ವಿಕರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು, ಹೆಚ್ಚಿನವರು ಗುಲಾಮರಾಗಿ ತರಲ್ಪಟ್ಟವರು. ಬಹುಕಾಲ ಅವರನ್ನು ಸುತ್ತಲಿನ ಸಮಾಜ ದೂರವೇ ಇಟ್ಟಿತ್ತು. 1980ರ ದಶಕದಲ್ಲಿ ಮಂಚೀಕೇರಿಯಲ್ಲಿ ನೀನಾಸಮ್ ಸಿದ್ದಿ ಯುವಕ ಯುವತಿಯರೊಡನೆ ನಾಟಕ ಮಾಡಿಸಿತು. ನಿರ್ದೇಶಿಸಿದವರು ಚಿದಂಬರರಾವ್ ಜಂಬೆ. ಆರಿಸಿಕೊಂಡ ಕಥೆ ನೈಜೀರಿಯಾದ ಲೇಖಕ ಚಿನುವ ಅಚಿಬೆಯವರ ಕಾದಂಬರಿಯದು. ಆಫ್ರಿಕಾದ ಹಳ್ಳಿಯೊಂದರ ಕಥೆಯನ್ನು, ಆಫ್ರಿಕಾವನ್ನು ಎಂದೂ ನೋಡದ, ಆದರೆ ಅಲ್ಲಿಯ ರಕ್ತವಿರುವ ಜನ ಕನ್ನಡದಲ್ಲಿ ಆಡಿದರು! ತಮ್ಮ ಡಮಾಮಿಯ ತಾಳ, ತಮ್ಮ ಕುಣಿತ ರಂಗದ ಮೇಲೆ ಗೌರವದ ವಸ್ತುವಾದದ್ದನ್ನು ಅವರೇ ಕಂಡರು. ನಾಟಕದಿಂದ ಅವರಿಗೆ ಭೂಮಿ ಸಿಗಲಿಲ್ಲ. ಪರಿಶಿಷ್ಟ ಪಂಗಡದ ಮಾನ್ಯತೆ ಬಂದದ್ದು 2003ರಲ್ಲಿ, ಅದೂ ಬೇರೆ ದಾರಿಯ ಹೋರಾಟದಿಂದ. ಆದರೆ ತಲೆ ತಗ್ಗಿಸಿ ನಿಂತವನಿಗೆ ಹಕ್ಕು ಕೇಳುವುದು ಕಷ್ಟ. ರಂಗದ ಮೇಲೆ ತಲೆಯೆತ್ತಿ ನಿಲ್ಲುವ ಅಭ್ಯಾಸ ಆ ದಾರಿಗೆ ಅಡ್ಡಿಯಾಗುವುದಿಲ್ಲ, ಆಸರೆಯೇ ಆಗುತ್ತದೆ. ಅದೇ ಸಮುದಾಯದ ಪ್ರಶಾಂತ್ ಸಿದ್ದಿ ನೀನಾಸಮ್‌ನಲ್ಲಿ ಕಲಿತು ಕನ್ನಡ ಚಿತ್ರರಂಗದ ಪರಿಚಿತ ನಟರಾದರು.

ಹೆಗ್ಗೋಡಿಗೆ ಸೇರಿದಂತೆಯೇ ಭೀಮನಕೋಣೆ ಇದೆ. ಅಲ್ಲಿ ರಂಗ ನಿರ್ದೇಶಕ ಪ್ರಸನ್ನ ಅವರು 1990ರ ದಶಕದಲ್ಲಿ ಸುತ್ತಲಿನ ಹಳ್ಳಿಗಳ ಮಹಿಳೆಯರೊಡನೆ 'ಚರಕ' ಎಂಬ ಕೈಮಗ್ಗದ ಸಹಕಾರ ಸಂಘ ಕಟ್ಟಿದರು. ನೇಯುವುದು, ಬಣ್ಣ ಹಾಕುವುದು, ಹೊಲಿಯುವುದು ಎಲ್ಲ ಅಲ್ಲಿಯೇ. ನನ್ನನ್ನು ಸೆಳೆದದ್ದು ಅಲ್ಲಿಯ ಬಣ್ಣ. ಮಲೆನಾಡಿನಲ್ಲಿ ಹಸಿ ಅಡಿಕೆಯನ್ನು ಸುಲಿದು ನೀರಿನಲ್ಲಿ ಬೇಯಿಸುತ್ತಾರೆ. ಬೇಯಿಸಿದ ಮೇಲೆ ಉಳಿಯುವ ಕೆಂಪು ಕಂದು ರಸಕ್ಕೆ ಚೊಗರು ಎಂದು ಹೆಸರು. ಅದರಲ್ಲಿ ಟ್ಯಾನಿನ್ ಎಂಬ ರಾಸಾಯನಿಕಗಳು ಹೇರಳವಾಗಿವೆ. ಪಟಿಕದಂಥ ಲವಣವನ್ನು ಬಳಸಿದರೆ ಅದರ ಲೋಹದ ಅಯಾನುಗಳು ಬಣ್ಣವನ್ನೂ ಹತ್ತಿಯ ಎಳೆಯನ್ನೂ ಹಿಡಿದು ಕಟ್ಟುತ್ತವೆ. ಕಬ್ಬಿಣದ ಲವಣ ಸೇರಿಸಿದರೆ ಅದೇ ಬಣ್ಣ ಕಪ್ಪಿಗೆ ತಿರುಗುತ್ತದೆ. ಪ್ರತಿ ತೋಟದ ಮನೆಯಲ್ಲೂ ಇರುವ ಚೊಗರು, ಕಾಣುವ ಕಣ್ಣು ಬಂದಾಗ ಸೀರೆಯ ಬಣ್ಣವಾಯಿತು, ಹತ್ತಿರದ ಹೆಣ್ಣುಮಕ್ಕಳಿಗೆ ಸಂಬಳವಾಯಿತು. ಸೃಜನಶೀಲತೆ ಎಂದರೆ ಇದೇ. ಇಲ್ಲದ್ದನ್ನು ತರುವುದಲ್ಲ, ಇರುವುದನ್ನು ಬೇರೆ ರೀತಿ ನೋಡುವುದು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ಹೇಳಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. 2020ರ ಕೊರೋನಾ ಕಾಲದಲ್ಲಿ ಅಂಗಡಿಗಳು ಮುಚ್ಚಿದಾಗ ಚರಕ ಭಾರಿ ಹಣಕಾಸಿನ ಇಕ್ಕಟ್ಟಿಗೆ ಸಿಕ್ಕಿತು. ಆ ವರ್ಷ ನಾಟಕಗಳೂ ನಿಂತವು. ಗುಂಪು ಸೇರಬಾರದು ಎಂಬ ಕಾಲದಲ್ಲಿ ಗುಂಪಿನಿಂದಲೇ ಬದುಕುವ ಕಲೆಗಳು ಏನು ಮಾಡಬೇಕು? ಕಲೆಗೆ ಊರು ಎಷ್ಟು ಬೇಕು, ಊರಿಗೆ ಕಲೆ ಎಷ್ಟು ಬೇಕು ಎಂಬುದು ನಮಗೆ ಚೆನ್ನಾಗಿ ತಿಳಿದದ್ದು ಆಗಲೇ.

ಇಷ್ಟು ಹೊತ್ತು ಪ್ರಸಿದ್ಧ ಊರಿನ ಮಾತಾಯಿತು. ಎಲ್ಲ ಊರಿಗೂ ಒಬ್ಬ ಸುಬ್ಬಣ್ಣ ಸಿಗುತ್ತಾರೆಯೇ ಎಂದು ನೀವು ಕೇಳಬಹುದು. ಸಿಗುವುದಿಲ್ಲ. ಆದ್ದರಿಂದ ಯಾರಿಗೂ ಗೊತ್ತಿಲ್ಲದ ನನ್ನ ಊರಿನ ಕಥೆಯನ್ನೂ ಹೇಳಿಬಿಡುತ್ತೇನೆ.

ನಮ್ಮದು ಹಳೇ ಮೈಸೂರು ಸೀಮೆಯ ಒಂದು ಸಣ್ಣ ಊರು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ 'ಕುರುಕ್ಷೇತ್ರ' ನಾಟಕ ಆಡುತ್ತಿದ್ದರು. ಪಾತ್ರಧಾರಿಗಳೇ ದುಡ್ಡು ಹಾಕಿಕೊಂಡು ಸೀನರಿ, ಉಡುಪು ಬಾಡಿಗೆಗೆ ತರಿಸುತ್ತಿದ್ದರು. ದುರ್ಯೋಧನನಿಗೆ ಹೆಚ್ಚು ಹಣ, ಸೈನಿಕನಿಗೆ ಕಡಿಮೆ. ನಾನು ಹೈಸ್ಕೂಲು ಮೆಟ್ಟಿಲು ಹತ್ತುವ ಮೊದಲೇ ಒಂದು ಪಂಚಾಯಿತಿ ಚುನಾವಣೆ ಬಂದು ಊರು ಎರಡಾಯಿತು. ಒಂದೇ ಮನೆತನದ ಅಣ್ಣತಮ್ಮಂದಿರು ಮಾತು ಬಿಟ್ಟರು. ಒಬ್ಬರ ಮದುವೆಗೆ ಇನ್ನೊಬ್ಬರಿಲ್ಲ, ಸಾವಿಗೂ ಇಲ್ಲ. ನಾಟಕ ನಿಂತಿತು. ರಾತ್ರಿ ಎಂಟಕ್ಕೆ ಊರು ಬಾಗಿಲು ಹಾಕಿಕೊಳ್ಳುತ್ತಿತ್ತು.

1998ರಲ್ಲಿ, ನಾನು ಬಿ.ಎಸ್ಸಿ. ಓದುತ್ತಿದ್ದಾಗ, ಊರಿನ ಶಾಲೆಯ ಮೇಷ್ಟ್ರೊಬ್ಬರು ಮತ್ತೆ ನಾಟಕ ಆಡೋಣ ಎಂದರು. ಎರಡೂ ಪಕ್ಷದವರು ತಮ್ಮ ತಮ್ಮದೇ ನಾಟಕ ಆಡುತ್ತೇವೆ ಎಂದು ಹೊರಟರು. ಆದರೆ ಆಗಲಿಲ್ಲ. ದುರ್ಯೋಧನನ ಕಂಠವಿದ್ದವನು ಮೇಲಿನ ಬೀದಿಯವನು, ಹಾರ್ಮೋನಿಯಂ ಬಲ್ಲವರು ಕೆಳಗಿನ ಬೀದಿಯವರು. ಭೀಮನಿದ್ದ ಕಡೆ ಕೃಷ್ಣನಿಲ್ಲ, ಕೃಷ್ಣನಿದ್ದ ಕಡೆ ಭೀಮನಿಲ್ಲ. ತಿಂಗಳೊಪ್ಪತ್ತು ಹಟ ಮಾಡಿ, ಕೊನೆಗೆ ಶಾಲೆಯ ಜಗಲಿಯ ಮೇಲೆ ಎರಡು ಪಕ್ಷದವರೂ ಬಂದು ಕುಳಿತರು. ಅತ್ತ ಇತ್ತ ನೋಡದೆ, ಮೇಷ್ಟ್ರ ಮುಖ ನೋಡಿಕೊಂಡೇ ಹಾಡಿದರು.

ನಾಲ್ಕನೆಯ ರಾತ್ರಿಯಿರಬೇಕು. ದುರ್ಯೋಧನನ ಪಾತ್ರದವನಿಗೆ ಕಂದಪದ್ಯದ ಮೇಲಿನ ಸ್ವರ ಹತ್ತಲಿಲ್ಲ. ಎರಡು ಸಲ ಎಡವಿದ. ಆಮೇಲೆ ಹಾರ್ಮೋನಿಯಂ ಕಡೆ ತಿರುಗಿ, "ಚಿಕ್ಕಪ್ಪ, ಶ್ರುತಿ ಸ್ವಲ್ಪ ಇಳಿಸ್ತೀರಾ?" ಎಂದ. ಹಿರಿಯರು ಕತ್ತೆತ್ತದೆ, "ನೀನು ಉಸಿರು ಹಿಡಿದು ಹಾಡಪ್ಪ, ಇಳಿಸ್ತೀನಿ" ಎಂದರು. ಅವರಿಬ್ಬರೂ ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು ಅದು. ಜಗಲಿಯ ಮೇಲಿದ್ದ ನಾವ್ಯಾರೂ ಏನೂ ಆಗದವರಂತೆ ಸುಮ್ಮನೆ ಕುಳಿತಿದ್ದೆವು.

ನಾಟಕ ಆಯಿತು. ಊರಿನ ಜಗಳ ಮುಗಿಯಿತೇ? ಇಲ್ಲ. ಮುಂದಿನ ಚುನಾವಣೆಯಲ್ಲಿ ಮತ್ತೆ ಎರಡು ಪಕ್ಷವೇ ಆಯಿತು. ಆದರೆ ಆ ವರ್ಷ ಮಳೆಗಾಲದಲ್ಲಿ ಮೇಲಿನ ಬೀದಿಯ ಹಿರಿಯರೊಬ್ಬರು ತೀರಿಕೊಂಡಾಗ ಚಟ್ಟಕ್ಕೆ ಎರಡೂ ಬೀದಿಯವರು ಹೆಗಲು ಕೊಟ್ಟರು. ನಾಟಕದ ಲೆಕ್ಕದಲ್ಲಿ ಮಿಕ್ಕ ಹಣದಲ್ಲಿ ಶಾಲೆಯ ಜಗಲಿಗೆ ದೀಪ ಹಾಕಿಸಿದರು. ಎಸ್.ಎಸ್.ಎಲ್.ಸಿ. ಮಕ್ಕಳು ರಾತ್ರಿ ಅಲ್ಲಿ ಕುಳಿತು ಓದತೊಡಗಿದರು. ಇಷ್ಟೇ. ಇದು ಸಣ್ಣದೆಂದು ಅಂದು ನನಗನ್ನಿಸಿತ್ತು. ಇಂದು ಅನ್ನಿಸುವುದಿಲ್ಲ.

ಇದನ್ನೆಲ್ಲ ಕೂಡಿಸಿ ನೋಡಿದರೆ ಕಲೆ ಊರಿಗೆ ಮೂರು ಉಪಕಾರ ಮಾಡುತ್ತದೆ. ಒಂದು, ಒಬ್ಬರಿಂದ ಆಗದ ಕೆಲಸವನ್ನು ಎದುರಿಗಿಟ್ಟು ಜನರನ್ನು ಒಂದೆಡೆ ಕೂರಿಸುತ್ತದೆ. ಎರಡು, ಇನ್ನೊಬ್ಬನ ಪಾತ್ರದಲ್ಲಿ ನಿಂತು ಲೋಕವನ್ನು ನೋಡುವಂತೆ ಮಾಡುತ್ತದೆ. ಮೂರು, ನಮ್ಮಲ್ಲಿ ಏನೂ ಇಲ್ಲ ಎಂದುಕೊಂಡವರಿಗೆ ಅವರಲ್ಲಿರುವುದನ್ನು ತೋರಿಸುತ್ತದೆ. ರಸ್ತೆಗೆ, ನೀರಿಗೆ, ಆಸ್ಪತ್ರೆಗೆ ಕಲೆ ಬದಲಿಯಲ್ಲ. ನಾಟಕ ಆಡಿಸಿ ಬೋರ್‌ವೆಲ್ ಕೊಡದಿರುವುದು ನ್ಯಾಯವೂ ಅಲ್ಲ. ಆದರೆ ಬೋರ್‌ವೆಲ್ ಕೇಳಲು ಒಟ್ಟಾಗಿ ಹೋಗುವ ಜನ ಬೇಕಲ್ಲ, ಅವರನ್ನು ಒಟ್ಟುಮಾಡುವ ಕೆಲಸ ಎಲ್ಲಿಂದಲಾದರೂ ಶುರುವಾಗಲೇಬೇಕು.

ಮಿತ್ರರೇ, ನಿಮ್ಮಿಂದ ಆಗುವುದೇನು? ದೊಡ್ಡದೇನೂ ಬೇಡ. ನಿಮ್ಮ ಎನ್.ಎಸ್.ಎಸ್. ಶಿಬಿರಕ್ಕೆ ಹೋದಾಗ, ಹಗಲು ಚರಂಡಿ ತೆಗೆದ ಮೇಲೆ ರಾತ್ರಿ ನೀವೇ ಆಡಿ ತೋರಿಸಿ ಬರುವ ಬದಲು, ಆ ಊರಿನವರನ್ನು ಹಾಡಲು ಕೇಳಿ. ಸೋಬಾನೆ ಹಾಡುವ ಅಜ್ಜಿ, ತಮಟೆ ಬಲ್ಲ ಹುಡುಗ, ಗೋಡೆಗೆ ಹಸೆ ಬರೆಯುವ ತಾಯಿ ಯಾರಾದರೂ ಇದ್ದೇ ಇರುತ್ತಾರೆ. ಅವರಿಂದ ಒಂದನ್ನಾದರೂ ಕಲಿತು ಬನ್ನಿ. ನಿಮ್ಮ ಸ್ವಂತ ಊರಿನಲ್ಲಿ ನಿಂತು ಹೋದ ನಾಟಕವೋ ಭಜನೆಯೋ ಕೋಲಾಟವೋ ಇದ್ದರೆ, ಯಾಕೆ ನಿಂತಿತು ಎಂದು ಹಿರಿಯರನ್ನು ವಿಚಾರಿಸಿ. ಆ ಕಾರಣದಲ್ಲಿ ನಿಮ್ಮ ಊರಿನ ಚರಿತ್ರೆಯೇ ಅಡಗಿರುತ್ತದೆ. ಅದನ್ನು ಮತ್ತೆ ಹಚ್ಚುವ ಹರಳು ನೀವೇ ಏಕಾಗಬಾರದು?

ಈ ಸಲ ರಜೆಗೆ ಊರಿಗೆ ಹೋದಾಗ ಆ ಒಂದು ಪ್ರಶ್ನೆ ಕೇಳಿ ನೋಡಿ.